ಕುರ್ಚಿಯಲ್ಲೇ ಕೂತು ತುಳಿಯುವ ಪೆಡಲ್: ಕೊಳ್ಳುವ ಮುನ್ನ

ನಡೆಯಲು ಮೊಣಕಾಲು ಒಪ್ಪದ ಅಜ್ಜಿಗೂ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೂ ಒಗ್ಗುವ ಸಾಧನ ಇದು: ಕಬ್ಬಿಣದ ಚೌಕಟ್ಟು, ಎರಡು ಪೆಡಲ್, ಬಿಗಿ ಹೆಚ್ಚಿಸುವ ತಿರುಪು, ಪುಟ್ಟ ಮೀಟರ್. ಗಾಲಿಕುರ್ಚಿಯವರು ಮೇಜಿನ ಮೇಲಿಟ್ಟು ಕೈಯಲ್ಲೂ ತಿರುಗಿಸಬಹುದು.

ಜೋಡಿಸುವಾಗಲೇ ಹೆಚ್ಚಿನವರು ಕೆಡಿಸುವುದು. ಪೆಡಲ್‌ಗಳ ಮೇಲಿನ ಎಲ್, ಆರ್ ಗುರುತು ನೋಡಿ. ಎಡಗಡೆಯದರ ಮರೆ (ತಿರುಪಿನ ಸುತ್ತುಗೆರೆ) ಸಾಮಾನ್ಯವಾಗಿ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬಲವಂತ ಮಾಡಿದರೆ ಮರೆ ಸವೆದು ಪೆಡಲ್ ನಿಲ್ಲುವುದೇ ಇಲ್ಲ.

ಟೈಲ್ಸ್ ನೆಲದಲ್ಲಿ ಇದು ಮುಂದಕ್ಕೆ ಜಾರುತ್ತದೆ. ಕೆಳಗೆ ಯೋಗ ಮ್ಯಾಟ್ ಹಾಸಿ, ಮುಂಭಾಗವನ್ನು ಗೋಡೆಗೆ ಒತ್ತಿಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಹಿಂದೆ ಸರಿಯುತ್ತದೆ. ಪೆಡಲ್ ದೂರಕ್ಕೆ ಹೋದಾಗಲೂ ಮೊಣಕಾಲು ತುಸು ಬಾಗಿಯೇ ಇರಬೇಕು. ಒಂದು ಕಾಲಿನಲ್ಲಿ ಶಕ್ತಿ ಕಡಿಮೆಯಿದ್ದವರು ಪಟ್ಟಿಯುಳ್ಳ ಪೆಡಲನ್ನೇ ಕೊಳ್ಳಿ.

ತಿರುಪು ಬಿಗಿದು ಬಹಳ ಹೊತ್ತು ತುಳಿದರೆ ಉಜ್ಜುವ ಭಾಗ ಬಿಸಿಯಾಗುತ್ತದೆ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಶುರುವಿಗೆ ಸಡಿಲ ಬಿಗಿಯಲ್ಲಿ 5 ನಿಮಿಷ, ದಿನಕ್ಕೆ ಎರಡು ಸಲ ಸಾಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಚಟುವಟಿಕೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ನಿಧಾನವಾಗಿ ಏರಿದರಾಯಿತು. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮೀಟರಿನ ಕ್ಯಾಲರಿ ನಂಬಬೇಡಿ. ಅದಕ್ಕೆ ನಿಮ್ಮ ತೂಕವೂ ಗೊತ್ತಿಲ್ಲ, ಬಿಗಿಯೂ ಗೊತ್ತಿಲ್ಲ. ಸುತ್ತಿನ ಎಣಿಕೆ ಮಾತ್ರ ಉಪಯುಕ್ತ, ನಿನ್ನೆಗಿಂತ ಹತ್ತು ಹೆಚ್ಚು ಎಂಬ ಹುರುಪು ಅಲ್ಲಿಂದಲೇ. ಇನ್ನು ಜಾಗ: ಟಿವಿ ಮುಂದೆಯೇ ಇರಲಿ, ಧಾರಾವಾಹಿ ನೋಡುತ್ತಾ ತುಳಿಯಲಿ. ಮಂಚದಡಿ ಸೇರಿತೋ, ಧೂಳು ಹಿಡಿಯಿತೆಂದೇ ಲೆಕ್ಕ.