ಕೀವಾ ಬಳಕೆದಾರರ ವಿಮರ್ಶೆ: ಸಾಲ ಕೊಡುವ ಮುಂಚೆ ಪುಟದ ಕೆಳಭಾಗ ಓದಿ

ಅಮೆರಿಕಕ್ಕೆ ಬಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಜಾಲತಾಣದ ಮೂಲಕ ಬೇರೆ ಬೇರೆ ದೇಶದವರಿಗೆ ಸಣ್ಣ ಸಾಲ ಕೊಡಲು ಅವಕಾಶ ಇರುವ ಕೀವಾದಲ್ಲಿ ಖಾತೆ ತೆರೆದೆ. ಹತ್ತು ವರ್ಷ ದಾಟಿದೆ, ಇನ್ನೂ ಬಳಸುತ್ತಿದ್ದೇನೆ. ಗೆಳೆಯರು ಕೇಳಿದರೆ ಧಾರಾಳವಾಗಿ ಸೇರಿಕೊಳ್ಳಿ ಅಂತಲೇ ಹೇಳುತ್ತೇನೆ. ಒಂದೇ ಒಂದು ಷರತ್ತು. ಸಾಲ ಕೇಳುವವರ ಫೋಟೊ ನೋಡಿ, ಕತೆ ಓದಿ ಅಲ್ಲಿಗೇ ನಿಲ್ಲಬೇಡಿ. ಪುಟದ ಕೆಳಗೆ ಹೋಗಿ. ಅವರ ಕೈಗೆ ದುಡ್ಡು ಕೊಡುವ ಸ್ಥಳೀಯ ಸಂಸ್ಥೆ ಯಾವುದು, ಅದು ಎಷ್ಟು ಬಡ್ಡಿ ಹಾಕುತ್ತದೆ ಅಂತ ನೋಡಿ. ಈ ವಿಮರ್ಶೆಯ ಬಹುಪಾಲು ಅದರ ಬಗ್ಗೆಯೇ.

ಕೀವಾ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 2005ರಲ್ಲಿ ಮ್ಯಾಟ್ ಫ್ಲಾನರಿ ಮತ್ತು ಜೆಸಿಕಾ ಜಾಕ್ಲಿ ಶುರು ಮಾಡಿದ, ಸ್ಯಾನ್ ಫ್ರಾನ್ಸಿಸ್ಕೋದ ಲಾಭರಹಿತ ಸಂಸ್ಥೆ ಇದು. ಮೊದಲ ಸಾಲಗಳು ಹೋದದ್ದು ಉಗಾಂಡಾದ ಟೊರೊರೊ ಊರಿನ ಏಳು ಜನರಿಗೆ, ಒಟ್ಟು 3,500 ಡಾಲರ್. ಮೀನು ಮಾರುವವರು, ಆಡು ಸಾಕುವವರು, ಅಂಥವರೇ. ಈಗ ಕೀವಾ ಮೂಲಕ ಹೋಗಿರುವ ಸಾಲದ ಮೊತ್ತ 200 ಕೋಟಿ ಡಾಲರ್ ದಾಟಿದೆ. ನಮ್ಮಂಥವರು ಒಬ್ಬೊಬ್ಬರು ಸಾಮಾನ್ಯವಾಗಿ 25 ಡಾಲರ್ ಹಾಕುತ್ತೇವೆ, ಹಲವರ 25 ಸೇರಿ ಒಬ್ಬರ ಸಾಲ ಭರ್ತಿಯಾಗುತ್ತದೆ. ಸಾಲ ತೀರುತ್ತಾ ಬಂದಂತೆ ನಮ್ಮ ಪಾಲು ನಮ್ಮ ಖಾತೆಗೆ ವಾಪಸ್ ಬರುತ್ತದೆ. ನಮಗೆ ಬಡ್ಡಿ ಒಂದು ಪೈಸೆಯೂ ಇಲ್ಲ. ಬಂದ ದುಡ್ಡನ್ನು ಮತ್ತೊಬ್ಬರಿಗೆ ಕೊಡಬಹುದು, ಇಲ್ಲವೇ ಪೇಪಾಲ್ ಮೂಲಕ ಹಿಂತೆಗೆದುಕೊಳ್ಳಬಹುದು.

ಬಳಸುವುದು ಬಹಳ ಸುಲಭ. ದೇಶ, ಕಸುಬು, ಸಾಲದ ಅವಧಿ, ಸ್ಥಳೀಯ ಸಂಸ್ಥೆಯಲ್ಲಿ ದುಡ್ಡು ಮುಳುಗುವ ಅಪಾಯ ಎಷ್ಟು ಅಂತ ಹೇಳುವ ರಿಸ್ಕ್ ರೇಟಿಂಗ್, ಹೀಗೆ ಬೇಕಾದಂತೆ ಸೋಸಿ ಹುಡುಕಬಹುದು. ಫಿಲಿಪ್ಪೀನ್ಸ್‌ನಲ್ಲಿ ಚಿಲ್ಲರೆ ಅಂಗಡಿಗೆ ಸಾಮಾನು, ಕೀನ್ಯಾದಲ್ಲಿ ಹಸು, ತಜಿಕಿಸ್ತಾನದಲ್ಲಿ ಮನೆ ರಿಪೇರಿ, ಕಾಂಬೋಡಿಯಾದಲ್ಲಿ ಶೌಚಾಲಯ ಕಟ್ಟಿಸಲು, ಪೆರಗ್ವೆಯಲ್ಲಿ ಹೆಂಗಸರ ಗುಂಪಿಗೆ, ಎಲ್ಲ ಬಗೆಯ ಸಾಲಗಳೂ ಸಿಗುತ್ತವೆ. ದುಡ್ಡು ಹಾಕುವಾಗ ಕೀವಾಗೆಂದು ಒಂದಿಷ್ಟು ದೇಣಿಗೆ ಸೇರಿಸಿ ಅಂತ ಕೇಳುತ್ತಾರೆ. ಅದು ಕಡ್ಡಾಯವಲ್ಲ, ಸೊನ್ನೆ ಮಾಡಿದರೂ ಸಾಲ ಹೋಗುತ್ತದೆ. ನಾನು ಕೊಡುತ್ತೇನೆ, ಏಕೆಂದರೆ ನಾವು ಕೊಟ್ಟ 25ರಲ್ಲಿ ಅವರು ಏನೂ ಹಿಡಿದುಕೊಳ್ಳುವುದಿಲ್ಲ. ಅಮೆರಿಕದಲ್ಲಿ ತೆರಿಗೆ ಕಟ್ಟುವವರಿಗೆ ಒಂದು ಮಾತು: ಈ ದೇಣಿಗೆಗೆ ತೆರಿಗೆ ವಿನಾಯಿತಿ ಇದೆ. ಸಾಲಕ್ಕೆ ಇಲ್ಲ, ಅದು ನಿಮ್ಮದೇ ದುಡ್ಡು.

ಈಗ ಮುಖ್ಯ ವಿಷಯಕ್ಕೆ ಬರೋಣ.

ನಮ್ಮಮ್ಮ ಹಾಸನದ ಕಡೆಯವರು, ಸ್ತ್ರೀಶಕ್ತಿ ಸಂಘದಲ್ಲಿ ವರ್ಷಗಟ್ಟಲೆ ಇದ್ದವರು. ಫಿಲಿಪ್ಪೀನ್ಸ್‌ನ ಒಬ್ಬ ಹೆಂಗಸಿಗೆ ಹಂದಿ ಸಾಕಲು ಸಾಲ ಕೊಟ್ಟಿದ್ದೇನೆ ಅಂತ ಫೋನಿನಲ್ಲಿ ಹೇಳಿದಾಗ ಅವರಿಗೆ ಖುಷಿಯಾಯಿತು. ಮರುಕ್ಷಣವೇ ಕೇಳಿದರು: "ಅವಳಿಗೆ ಬಡ್ಡಿ ಎಷ್ಟು ಬೀಳುತ್ತೆ ಮಗಾ? ಕಂತು ವಾರಕ್ಕಾ, ತಿಂಗಳಿಗಾ? ಅವಳು ಕಟ್ಟಕ್ಕಾಗದಿದ್ರೆ ಗುಂಪಿನವರು ಕಟ್ಟಬೇಕಾ?" ಸಾಲ ತೆಗೆದುಕೊಂಡು ಗೊತ್ತಿರುವವರು ಕೇಳುವ ಪ್ರಶ್ನೆಗಳು ಇವು. ಕೀವಾ ಪುಟದಲ್ಲಿ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಇವಕ್ಕೆ ಉತ್ತರ ಇರುವುದಿಲ್ಲ. ಅಲ್ಲಿ ಇರುವುದು ಮುಖ, ಊರು, ಮಕ್ಕಳು ಎಷ್ಟು, ಕನಸು ಏನು. ಬಡ್ಡಿಯ ಉತ್ತರ ಇರುವುದು ಕೆಳಗೆ, ಪಾಲುದಾರ ಸಂಸ್ಥೆಯ (ಅಂದರೆ ದುಡ್ಡು ಕೊಡುವ ಆ ಸ್ಥಳೀಯ ಸಂಸ್ಥೆಯ) ವಿವರದಲ್ಲಿ.

ನಮಗೆ ಬಡ್ಡಿ ಇಲ್ಲ ಅಂದ ಮಾತ್ರಕ್ಕೆ ಸಾಲಗಾರರಿಗೂ ಇಲ್ಲ ಅಂತ ಅಲ್ಲ. ನಮ್ಮ ದುಡ್ಡು ಬಡ್ಡಿಯಿಲ್ಲದೆ ಸ್ಥಳೀಯ ಸಂಸ್ಥೆಗೆ ಹೋಗುತ್ತದೆ, ಆ ಸಂಸ್ಥೆ ಸಾಲಗಾರರಿಂದ ಬಡ್ಡಿ ವಸೂಲು ಮಾಡುತ್ತದೆ. ವರ್ಷಕ್ಕೆ ಶೇ 30 ದಾಟುವುದು ಅಪರೂಪವೇನಲ್ಲ. ಕೇಳಿದ ತಕ್ಷಣ ಮೈ ಉರಿಯುತ್ತದೆ, ಅಲ್ವಾ? ಆದರೆ ಇದಕ್ಕೊಂದು ಕಾರಣವೂ ಇದೆ. ಇಪ್ಪತ್ತು ಸಾವಿರ ರೂಪಾಯಿ ಸಾಲಕ್ಕೂ ಇಪ್ಪತ್ತು ಲಕ್ಷದ ಸಾಲಕ್ಕೂ ಅರ್ಜಿ, ಪರಿಶೀಲನೆ, ಲೆಕ್ಕ ಎಲ್ಲ ಹೆಚ್ಚುಕಡಿಮೆ ಒಂದೇ. ಸಂಸ್ಥೆಯ ಹುಡುಗ ಬೈಕ್ ಹತ್ತಿ ಹಳ್ಳಿಗೆ ಹೋಗಬೇಕು, ಗುಂಪು ಸೇರಿಸಬೇಕು, ಕಂತು ತರಬೇಕು. ಸಾಲ ಚಿಕ್ಕದಾದಷ್ಟೂ ಈ ಖರ್ಚು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಸಂಖ್ಯೆ ದೊಡ್ಡದು ಅಂತ ನಾನು ಸಂಸ್ಥೆಯನ್ನು ಬಿಡುವುದಿಲ್ಲ. ಆ ಬಡ್ಡಿಗೆ ಬದಲಾಗಿ ಸಾಲಗಾರರಿಗೆ ಇನ್ನೇನು ಸಿಗುತ್ತದೆ ಅಂತ ನೋಡುತ್ತೇನೆ. ಉಳಿತಾಯ ಖಾತೆ ಇದೆಯಾ? ತರಬೇತಿ ಇದೆಯಾ? ಬೆಳೆ ಬಂದ ಮೇಲೆ ಕಟ್ಟುವ ಅವಕಾಶ ಇದೆಯಾ? ಕೀವಾ ಇಂಥದ್ದಕ್ಕೆ ಬ್ಯಾಡ್ಜ್ ಕೊಡುತ್ತದೆ. ಬಡವರಲ್ಲಿ ಬಡವರನ್ನು ತಲುಪುವವರು, ಉಳಿತಾಯಕ್ಕೆ ನೆರವಾಗುವವರು, ಗ್ರಾಹಕರ ಮಾತು ಕೇಳುವವರು ಅಂತ ಬೇರೆ ಬೇರೆ ಬ್ಯಾಡ್ಜ್‌ಗಳಿವೆ.

ಬಡ್ಡಿ ಲೆಕ್ಕದಲ್ಲಿ ಇನ್ನೊಂದು ವಿಷಯ ಗೊತ್ತಿರಲಿ. ಸಾಲದ ಏಜೆಂಟರು ಹೇಳುವ ಫ್ಲಾಟ್ ಬಡ್ಡಿಗೂ ನಿಜವಾಗಿ ಬೀಳುವ ಬಡ್ಡಿಗೂ ತುಂಬಾ ವ್ಯತ್ಯಾಸ ಇದೆ. 100 ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇ 20 ಫ್ಲಾಟ್ ಅಂದರೆ ತಿಂಗಳಿಗೆ 10 ರೂಪಾಯಿಯಂತೆ 12 ಕಂತು. ತಿಂಗಳು ತಿಂಗಳೂ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 100ರ ಮೇಲೆ. ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು ಶೇ 35 ಆಗುತ್ತದೆ. ಆದ್ದರಿಂದ ಸಂಸ್ಥೆಯವರ ಸ್ವಂತ ಜಾಲತಾಣದಲ್ಲಿ ಯಾವ ದರ ಹಾಕಿದ್ದಾರೆ ಅನ್ನುವುದಕ್ಕಿಂತ, ಶುಲ್ಕಗಳನ್ನೂ ಸೇರಿಸಿದ ಸರಾಸರಿ ವೆಚ್ಚ ಎಷ್ಟು ಅನ್ನುವುದನ್ನೇ ನೋಡಿ.

ನಮ್ಮೂರ ಕಡೆ ವಾರದ ಸಂಘಗಳ ಕಾಟ ಏನು ಅಂತ ಕಂಡವರಿಗೆ ಈ ಎಚ್ಚರ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಚಾಮರಾಜನಗರದ ಕಡೆಯಿಂದ ಬಂದವು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ. ನಾನು ಕೊಡುವ 25 ಡಾಲರ್ ಬೇರೆ ಯಾವುದೋ ದೇಶದ ಯಾರದೋ ಮನೆ ಬಾಗಿಲಲ್ಲಿ ಅಂಥ ಗಲಾಟೆಗೆ ಕಾರಣವಾಗಬಾರದು. ಒಳ್ಳೆಯ ಸಂಸ್ಥೆಯಾದರೆ ಆಗುವುದಿಲ್ಲ. ಅದಕ್ಕೇ ಸಂಸ್ಥೆಯ ಆಯ್ಕೆಗೆ ಇಷ್ಟು ಒತ್ತು ಕೊಡುತ್ತಿದ್ದೇನೆ.

ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ. ಫೋಟೊದಲ್ಲಿರುವವರಿಗೆ ಸಾಲ ಬಹಳ ಸಲ ಆಗಲೇ ಸಿಕ್ಕಿರುತ್ತದೆ. ಸಂಸ್ಥೆ ಮೊದಲು ತನ್ನ ಕೈಯಿಂದ ಕೊಟ್ಟು, ಆಮೇಲೆ ಕೀವಾದಲ್ಲಿ ಹಾಕಿ, ನಮ್ಮಿಂದ ಬಂದ ದುಡ್ಡಿನಿಂದ ಆ ಜಾಗ ತುಂಬಿಕೊಳ್ಳುತ್ತದೆ. 2009ರ ಅಕ್ಟೋಬರ್‌ನಲ್ಲಿ ಸೆಂಟರ್ ಫಾರ್ ಗ್ಲೋಬಲ್ ಡೆವಲಪ್‌ಮೆಂಟ್‌ನ ಸಂಶೋಧಕ ಡೇವಿಡ್ ರೂಡ್‌ಮನ್ ಇದನ್ನು ಬಿಡಿಸಿ ಬರೆದಾಗ ದೊಡ್ಡ ಚರ್ಚೆಯೇ ಆಯಿತು. ಆಮೇಲೆ ಕೀವಾ ತನ್ನ ವಿವರಣೆಯನ್ನು ತಿದ್ದಿಕೊಂಡಿತು. ಈಗ ದುಡ್ಡು ಯಾವ ದಿನ ಸಾಲಗಾರರ ಕೈ ಸೇರಿತು ಅನ್ನುವುದು ಸಾಲದ ಪುಟದಲ್ಲೇ ಇರುತ್ತದೆ. ನನಗೆ ಈ ವ್ಯವಸ್ಥೆ ಸರಿ ಅನಿಸುತ್ತದೆ. ಬಿತ್ತನೆ ಬೀಜ ಬೇಕಾದ ರೈತರು ನಾವು ಎಲ್ಲೋ ಕೂತು ಫೋಟೊ ಆರಿಸುವ ತನಕ ಕಾಯಬೇಕಾ? ಮಳೆ ಕಾಯುತ್ತದಾ? ಆದರೆ ಇದರ ಅರ್ಥ ನೇರವಾಗಿದೆ. ನಾವು ಸಾಲ ಕೊಡುತ್ತಿರುವುದು ಸಂಸ್ಥೆಗೆ. ನಮ್ಮ ದುಡ್ಡಿನಿಂದ ಆ ಸಂಸ್ಥೆ ಮುಂದಿನವರಿಗೆ ಸಾಲ ಕೊಡುತ್ತದೆ. ಹಾಗಾಗಿ ಆರಿಸಬೇಕಾದದ್ದೂ ಸಂಸ್ಥೆಯನ್ನೇ.

ನನಗೆ ಬಹಳ ಇಷ್ಟವಾದ ಪಾಲುದಾರರಲ್ಲಿ ಒಂದು ವನ್ ಏಕರ್ ಫಂಡ್. 2006ರಲ್ಲಿ ಕೀನ್ಯಾದ ಪಶ್ಚಿಮ ಭಾಗದ ಬುಂಗೋಮಾದಲ್ಲಿ ಶುರುವಾದದ್ದು. ಅವರು ಸಣ್ಣ ರೈತರ ಕೈಗೆ ನಗದು ಕೊಡುವುದಿಲ್ಲ. ಬೀಜ, ಗೊಬ್ಬರವನ್ನು ಬಿತ್ತನೆಗೆ ಮುಂಚೆ ಹಳ್ಳಿಯ ಹತ್ತಿರಕ್ಕೇ ಸಾಲವಾಗಿ ತಲುಪಿಸುತ್ತಾರೆ. ಹೇಗೆ ಬಿತ್ತಬೇಕು, ಎಷ್ಟು ಅಂತರ ಬಿಡಬೇಕು ಅಂತ ಹೇಳಿಕೊಡುತ್ತಾರೆ. ಮರುಪಾವತಿಯಲ್ಲಿ ಕಟ್ಟುನಿಟ್ಟಿನ ವಾರದ ಕಂತು ಇಲ್ಲ. ಕೈಯಲ್ಲಿ ಕಾಸಾದಾಗ ಕಟ್ಟುತ್ತಾ ಅವಧಿಯೊಳಗೆ ಮುಗಿಸಬೇಕು. ರೈತರ ಮನೆಯ ದುಡ್ಡು ಹೇಗೆ ಬರುತ್ತದೆ, ಯಾವಾಗ ಬರುತ್ತದೆ ಅಂತ ಅರಿತು ಮಾಡಿದ ಸಾಲ ಇದು. ನಮ್ಮ ಊರುಗಳಲ್ಲೂ ಇಂಥದ್ದು ಜಾಸ್ತಿ ಆಗಲಿ ಅಂತ ಮನಸಾರೆ ಆಸೆ ಇದೆ.

ದುಡ್ಡು ವಾಪಸ್ ಬರುತ್ತದಾ ಅನ್ನುವುದು ಎಲ್ಲರ ಪ್ರಶ್ನೆ. ಕೀವಾದ ಒಟ್ಟಾರೆ ಮರುಪಾವತಿ ಶೇ 96ರ ಆಸುಪಾಸು. ನನ್ನ ಅನುಭವವೂ ಹೆಚ್ಚುಕಡಿಮೆ ಹಾಗೆಯೇ. 2020ರಲ್ಲಿ ಕೋವಿಡ್ ಬಂದಾಗ ಕಂತುಗಳು ತಿಂಗಳುಗಟ್ಟಲೆ ನಿಂತವು. ಅಂಗಡಿಗಳೇ ಮುಚ್ಚಿರುವಾಗ ಕಂತು ಎಲ್ಲಿಂದ ಬರಬೇಕು? ನಿಧಾನವಾಗಿ ಬಹುಪಾಲು ಬಂತು. ಪೂರ್ತಿ ಹೋದ ದುಡ್ಡು ಸಾಲಗಾರರು ಕೈಕೊಟ್ಟಿದ್ದರಿಂದ ಹೋದದ್ದಲ್ಲ. ಆಫ್ರಿಕಾದ ಒಂದು ಪಾಲುದಾರ ಸಂಸ್ಥೆಯೇ ಬಾಗಿಲು ಹಾಕಿತು, ಅದರ ಜೊತೆ ಹೋಯಿತು. ಹೀಗಾಗಿ ಅರ್ಧ ಸ್ಟಾರ್‌ನಿಂದ ಐದು ಸ್ಟಾರ್‌ವರೆಗಿನ ರಿಸ್ಕ್ ರೇಟಿಂಗ್ ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. ಆ ದೇಶದ ಕರೆನ್ಸಿ ಡಾಲರ್ ಎದುರು ಕುಸಿದರೂ ಕೆಲವು ಸಾಲಗಳಲ್ಲಿ ನಮಗೆ ಸ್ವಲ್ಪ ನಷ್ಟ ಬರುತ್ತದೆ. ಆ ಎಚ್ಚರಿಕೆಯೂ ಪುಟದಲ್ಲಿ ಇರುತ್ತದೆ.

ಕೀವಾ ಮೇಲೆ ಈಚಿನ ವರ್ಷಗಳಲ್ಲಿ ಬಂದ ಟೀಕೆಯನ್ನೂ ಹೇಳಲೇಬೇಕು. ಪಾಲುದಾರ ಸಂಸ್ಥೆಗಳಿಂದ ಶುಲ್ಕ ತೆಗೆದುಕೊಳ್ಳಲು ಶುರು ಮಾಡಿದ್ದು, ಮೇಲಿನವರ ಸಂಬಳ, ಮಾಹಿತಿ ಮೊದಲಿನಷ್ಟು ಸುಲಭವಾಗಿ ಕಾಣದೇ ಹೋದದ್ದು, ಇವುಗಳ ಬಗ್ಗೆ ಹಳೆಯ ಬಳಕೆದಾರರು ಪ್ರಶ್ನೆ ಎತ್ತಿದರು. ಕೆಲವರು ಹೊಸ ಸಾಲ ಕೊಡುವುದನ್ನೇ ನಿಲ್ಲಿಸಿ ಪ್ರತಿಭಟಿಸಿದರು. ನಾನು ನಿಲ್ಲಿಸಲಿಲ್ಲ. ಆದರೆ ಅವರ ಪ್ರಶ್ನೆಗಳು ನ್ಯಾಯವಾದವು ಅಂತಲೇ ನನ್ನ ಅಭಿಪ್ರಾಯ. ಬಡ್ಡಿಯ ವಿವರ ಫೋಟೊದ ಪಕ್ಕದಲ್ಲೇ ದೊಡ್ಡದಾಗಿ ಇರಬೇಕು. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಡಿಮೆ ಇದೇ ಕಾರಣಕ್ಕೆ.

ಈ ಸಾಲಗಳಿಂದ ಬಡತನ ಹೋಗುತ್ತದಾ? 2015ರಲ್ಲಿ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು: ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ, ಮತ್ತೆ ನಮ್ಮ ಹೈದರಾಬಾದ್. ಹೈದರಾಬಾದಿನದ್ದನ್ನು ಮಾಡಿದವರಲ್ಲಿ ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಆರರಲ್ಲೂ ಕಂಡದ್ದು ಹೆಚ್ಚುಕಡಿಮೆ ಒಂದೇ. ಸ್ವಲ್ಪ ಅನುಕೂಲ ಆಗುತ್ತದೆ, ಆದರೆ ಬದುಕು ಬುಡಸಮೇತ ಬದಲಾಗುವುದಿಲ್ಲ. ನನಗೆ ಇದು ನಿರಾಶೆಯ ಮಾತಲ್ಲ. ಕಷ್ಟದ ತಿಂಗಳಲ್ಲಿ ಮೀಟರ್ ಬಡ್ಡಿಯವರ ಹತ್ತಿರ ಹೋಗದೆ ಒಂದು ಕೈಸಾಲ ಸಿಕ್ಕರೆ ಅದು ಎಷ್ಟು ದೊಡ್ಡ ನೆಮ್ಮದಿ ಅಂತ ಅಮ್ಮನನ್ನು ನೋಡಿ ಬೆಳೆದವರಿಗೆ ಗೊತ್ತು.

ಆದರೆ ಸಾಲ ತೀರಿಸುವ ಶಕ್ತಿಯೇ ಇಲ್ಲದವರಿಗೆ ಸಾಲ ಕೊಡಬಾರದು. ಅವರಿಗೆ ಕೊಡಬೇಕಾದದ್ದು ದಾನ. ಅದಕ್ಕೆ ನಾನು ಬಡವರಿಗೆ ನೇರವಾಗಿ ದುಡ್ಡು ಕಳಿಸುವ ಗಿವ್‌ಡೈರೆಕ್ಟ್ಲಿ ಅನ್ನುವ ಸಂಸ್ಥೆಯನ್ನು ಬಳಸುತ್ತೇನೆ. ಕೀನ್ಯಾದಲ್ಲಿ 2007ರಿಂದ ಎಂ-ಪೆಸಾ ಇದೆ, ನಮ್ಮ ಯುಪಿಐ ಬರುವ ಎಷ್ಟೋ ವರ್ಷ ಮುಂಚೆಯೇ ಸಾದಾ ಫೋನಿನಲ್ಲಿ ದುಡ್ಡು ಕಳಿಸುವ ವ್ಯವಸ್ಥೆ. ಅದರ ಮೂಲಕ ಬಡ ಕುಟುಂಬಕ್ಕೆ ದುಡ್ಡು ನೇರ ಹೋಗುತ್ತದೆ. ಏನು ಮಾಡಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ಅಲ್ಲಿನ ಸಿಯಾಯಾ ಜಿಲ್ಲೆಯಲ್ಲಿ 10,500 ಕುಟುಂಬಗಳಿಗೆ ಸುಮಾರು 1,000 ಡಾಲರ್‌ನಂತೆ ಕೊಟ್ಟು ಅಧ್ಯಯನ ಮಾಡಿದಾಗ, ಕೊಟ್ಟ ಪ್ರತಿ ಡಾಲರ್‌ಗೆ ಸುತ್ತಲಿನ ಊರುಗಳಲ್ಲಿ ಸುಮಾರು ಎರಡೂವರೆ ಡಾಲರ್‌ನಷ್ಟು ವಹಿವಾಟು ಬೆಳೆದದ್ದು ಕಂಡಿತು. ದುಡ್ಡು ಸಿಗದ ಅಕ್ಕಪಕ್ಕದವರಿಗೂ ಅನುಕೂಲವಾಯಿತು. ಈ ದಾರಿಯಲ್ಲೂ ಮೋಸ ನಡೆಯುವುದಿಲ್ಲ ಅಂತಲ್ಲ. 2022ರಲ್ಲಿ ಕಾಂಗೋದಲ್ಲಿ ಸುಮಾರು 9 ಲಕ್ಷ ಡಾಲರ್ ಕಳುವಾಯಿತು. ಸಂಸ್ಥೆಯೇ ಅದನ್ನು ಮುಚ್ಚಿಡದೆ ಹೇಳಿಕೊಂಡಿತು, ಆ ಗುಣ ನನಗೆ ಹಿಡಿಸಿತು.

ಭಾರತದವರಿಗೇ ಕೊಡಬೇಕು ಅನ್ನುವ ಆಸೆ ಹೊರದೇಶದಲ್ಲಿರುವ ನಮ್ಮವರಿಗೆ ಸಹಜ. ಕೀವಾದಲ್ಲಿ ಭಾರತದ ಸಾಲಗಳೂ ಬರುತ್ತವೆ. ಆದರೆ ರಿಸರ್ವ್ ಬ್ಯಾಂಕ್ ನಿಯಮಗಳಿಂದಾಗಿ ಹಾಕಿದ ದುಡ್ಡು 3 ವರ್ಷ ಕಳೆಯುವ ತನಕ ನಮ್ಮ ಖಾತೆಗೆ ಬರುವುದಿಲ್ಲ, ಸಾಲಗಾರರು ಮೊದಲೇ ತೀರಿಸಿದ್ದರೂ ಅಷ್ಟೇ. ಕೊಡುವ ಮುಂಚೆ ತಿಳಿದಿರಿ. ಊರಲ್ಲೇ ಇರುವವರು ಬೆಂಗಳೂರಿನ ರಂಗ್ ದೇ ನೋಡಬಹುದು. ರಾಮಕೃಷ್ಣ ಮತ್ತು ಸ್ಮಿತಾ ರಾಮ್ 2008ರಲ್ಲಿ ಶುರು ಮಾಡಿದ್ದು, ಇದೇ ಬಗೆಯ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಂಸ್ಥೆ.

ಹೊಸದಾಗಿ ಸೇರುವವರು 50 ಡಾಲರ್‌ನಿಂದ ಶುರು ಮಾಡಿ. ಒಂದೇ ಸಾಲಕ್ಕೆ ಹಾಕದೆ ಎರಡು ದೇಶದ, ಎರಡು ಬೇರೆ ಸಂಸ್ಥೆಯ ಸಾಲಕ್ಕೆ ಹಂಚಿ. ಒಂದು ವರ್ಷದೊಳಗೆ ತೀರುವಂಥದ್ದನ್ನೇ ಆರಿಸಿ, ಆಗ ಪೂರ್ತಿ ಸುತ್ತು ಹೇಗೆ ನಡೆಯುತ್ತದೆ ಅಂತ ಬೇಗ ಗೊತ್ತಾಗುತ್ತದೆ. ಬಂದ ದುಡ್ಡನ್ನು ತಾನಾಗಿಯೇ ಬೇರೆ ಸಾಲಕ್ಕೆ ಹಾಕುವ ಆಟೊ ಆಯ್ಕೆ ಆನ್ ಆಗಿದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಆಗಿದ್ದರೆ ಮೊದಲ ವರ್ಷ ಆಫ್ ಮಾಡಿ. ಪ್ರತಿ ಸಲವೂ ಸಂಸ್ಥೆಯ ವಿವರ ನೀವೇ ಓದಿ ಆರಿಸಿ.