ಸಿ-ಡಿಫ್ ತೀವ್ರತೆ: ಎರಡು ಸಂಖ್ಯೆಗಳೇ, ಅಟ್ಲಾಸ್ ಅಂಕವೇ?

ಪುಣೆಯ ಆಸ್ಪತ್ರೆಯಲ್ಲಿ ಹೊಸದಾಗಿ ನರ್ಸ್ ಆಗಿ ಸೇರಿದ ತಂಗಿ ಕೇಳಿದ್ದಾಳೆ: ಸಿ-ಡಿಫ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕರುಳಿನ ಸೋಂಕಿನ ತೀವ್ರತೆಯನ್ನು ಯಾವುದರಿಂದ ಅಳೆಯುವುದು?

ಬೇಗ ತಿಳಿಯಬೇಕಿದ್ದರೆ ಎರಡು ಸಂಖ್ಯೆ ಸಾಕು. ಬಿಳಿ ರಕ್ತಕಣ ಮೈಕ್ರೋಲೀಟರ್‌ಗೆ 15,000 ಮುಟ್ಟಿದರೆ ಅಥವಾ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಡೆಸಿಲೀಟರ್‌ಗೆ 1.5 ಮಿ.ಗ್ರಾಂ ದಾಟಿದರೆ ತೀವ್ರ. ಖರ್ಚೂ ಕಡಿಮೆ. ಆದರೆ ಮೂತ್ರಪಿಂಡ ಮೊದಲೇ ಸೋತವರಲ್ಲಿ, ರಕ್ತದ ಕ್ಯಾನ್ಸರ್ ಇರುವವರಲ್ಲಿ ಇವು ದಾರಿ ತಪ್ಪಿಸುತ್ತವೆ. ಅಟ್ಲಾಸ್ ಎಂಬ ಅಂಕಪದ್ಧತಿ ಇವೆರಡರ ಜೊತೆ ವಯಸ್ಸು, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್, ನಡೆಯುತ್ತಿರುವ ಇತರ ಆಂಟಿಬಯೋಟಿಕ್‌ಗಳನ್ನೂ ಎಣಿಸುತ್ತದೆ. ಒಟ್ಟು ಅಂಕ 10. ಚಿಕಿತ್ಸೆ ಫಲಿಸೀತೇ ಎಂದು ಅಂದಾಜಿಸಲು ನಾನು ಅದನ್ನೇ ಆರಿಸುತ್ತೇನೆ.

ಎರಡಕ್ಕೂ ಕಾಣದ್ದು ಹೊಟ್ಟೆ. ಭೇದಿ ಥಟ್ಟನೆ ನಿಂತು ಹೊಟ್ಟೆ ಉಬ್ಬಿ ಬಿಗಿದರೆ ಗುಣವಾಯಿತೆಂದು ನೆಮ್ಮದಿಪಡಬೇಡ. ಕರುಳು ಚಲನೆ ನಿಲ್ಲಿಸಿರಬಹುದು. ರಕ್ತದೊತ್ತಡವೂ ಕುಸಿದರೆ ಅಂಕ ಕೂಡುತ್ತ ಕೂರದೆ ತಕ್ಷಣ ವೈದ್ಯರನ್ನು ಕರೆ.