ಡೆವ್ ವಿಎಂ ಅಪ್‌ಡೇಟ್ ಮಾಡೋದಾ, ಹೊಸದೇ ಎಬ್ಬಿಸೋದಾ? ಮೂರು ದಾರಿ ಹಿಡಿದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಸ ಮಷೀನ್‌ಗೆ. ಮೈಕ್ರೋಸಾಫ್ಟ್‌ನ ಲೆಕ್ಕಪತ್ರ ಸಾಫ್ಟ್‌ವೇರ್ ಡೈನಾಮಿಕ್ಸ್ 365 ಫೈನಾನ್ಸ್‌ಗೆ ಅದರದ್ದೇ ಭಾಷೆ ಎಕ್ಸ್‌++ನಲ್ಲಿ ಕೋಡ್ ಬರೆಯೋದು ನನ್ನ ಕೆಲಸ. ಹೊಸ ವರ್ಷನ್ ಬಂದಾಗ ಈಗ ನಾನು ಹಳೆ ಡೆವ್ ವಿಎಂ (ಕೋಡ್ ಬರೆಯಲು ಕ್ಲೌಡ್‌ನಲ್ಲಿ ಇಟ್ಟಿರುವ ವರ್ಚುವಲ್ ಮಷೀನ್) ಮೇಲೆ ಕೈ ಇಡುವುದಿಲ್ಲ. ಹೊಸ ವರ್ಷನ್‌ನದ್ದೇ ಇನ್ನೊಂದು ವಿಎಂ ಎಬ್ಬಿಸಿ, ಕೋಡ್ ಇಳಿಸಿಕೊಂಡು, ಹಳೆಯದನ್ನು ಅಳಿಸುತ್ತೇನೆ. 10.0.37ರಿಂದ 10.0.40ಕ್ಕೆ ಹೋಗುವಾಗ ಮೂರೂ ದಾರಿ ಹಿಡಿಯಬೇಕಾಗಿ ಬಂತು. ಆ ಒಂದು ವಾರದ ಅನುಭವವೇ ಈ ಹೋಲಿಕೆ.

ಮೊದಲ ದಾರಿ ಎಲ್‌ಸಿಎಸ್, ಅಂದರೆ ಈ ಮಷೀನ್‌ಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಪೋರ್ಟಲ್. ಅಪ್‌ಡೇಟ್ ಪ್ಯಾಕೇಜನ್ನು ಅದರ ಅಸೆಟ್ ಲೈಬ್ರರಿಗೆ ಸೇರಿಸಿ, ಎನ್ವಿರಾನ್‌ಮೆಂಟ್ ಪುಟದಲ್ಲಿ ಅಪ್‌ಡೇಟ್ ಒತ್ತಿದರೆ ಉಳಿದದ್ದು ತಾನೇ ನಡೆಯುತ್ತದೆ. ಮಷೀನ್‌ಗೆ ಲಾಗಿನ್ ಕೂಡ ಆಗಬೇಕಿಲ್ಲ. ಆದರೆ ಖರ್ಚು ಉಳಿಸಲು ನಮ್ಮ ವಿಎಂ ರಾತ್ರಿ ತಾನಾಗಿ ಆಫ್ ಆಗುವಂತೆ ಇಟ್ಟಿದ್ದೆವು. ಸಂಜೆ ಶುರು ಮಾಡಿದ ಅಪ್‌ಡೇಟ್ ನಡುವೆಯೇ ಮಷೀನ್ ಮಲಗಿಬಿಟ್ಟಿತು. ಆ ಶೆಡ್ಯೂಲ್ ತೆಗೆಯದೆ ಈ ದಾರಿ ಹಿಡಿಯಬೇಡಿ.

ಎರಡನೆಯದು ರನ್‌ಬುಕ್, ಅಂದರೆ ಅಪ್‌ಡೇಟ್‌ನ ಸ್ಟೆಪ್‌ಗಳ ಪಟ್ಟಿ. ವಿಎಂ ಒಳಗೇ ಕೂತು ಎಎಕ್ಸ್‌ಅಪ್‌ಡೇಟ್‌ಇನ್‌ಸ್ಟಾಲರ್ ಅನ್ನೋ ಕಮಾಂಡ್ ಓಡಿಸುವುದು: ಮೊದಲು ಜನರೇಟ್, ಆಮೇಲೆ ಇಂಪೋರ್ಟ್, ಕೊನೆಗೆ ಎಕ್ಸಿಕ್ಯೂಟ್. ಒಂದೊಂದೇ ಸ್ಟೆಪ್ ಕಣ್ಣೆದುರು ನಡೆಯುತ್ತದೆ, ಬಿದ್ದ ಸ್ಟೆಪ್ಪನ್ನು ಮಾತ್ರ ಮತ್ತೆ ಓಡಿಸಬಹುದು. ಹಿಡಿತ ನಮ್ಮ ಕೈಯಲ್ಲೇ ಇರುತ್ತದೆ ಅನ್ನೋ ಕಾರಣಕ್ಕೆ ವರ್ಷಗಟ್ಟಲೆ ನನಗೆ ಇದೇ ಇಷ್ಟವಾಗಿತ್ತು.

ನನ್ನ ಎರಡು ದಿನ ಹೋಗಿದ್ದೂ ಇಲ್ಲೇ. ಸರ್ವಿಸ್‌ಗಳು ನಿಂತವು, ಬ್ಯಾಕಪ್ ಮುಗಿಯಿತು, ಫೈಲ್ ಬದಲಿಸುವ ಸ್ಟೆಪ್ಪಿಗೆ ಬಂದಾಗ ಎರರ್: ಪ್ಯಾಕೇಜಸ್ ಲೋಕಲ್ ಡೈರೆಕ್ಟರಿಯ (ಎಲ್ಲ ಕೋಡ್ ಇರುವ ಫೋಲ್ಡರ್) ಒಂದು ಡಿಎಲ್‌ಎಲ್, ಅಂದರೆ ಕಂಪೈಲ್ ಆದ ಕೋಡ್ ಫೈಲ್, ಬೇರೆ ಪ್ರೋಸೆಸ್ ಕೈಯಲ್ಲಿದೆ. ನನ್ನ ವಿಷುಯಲ್ ಸ್ಟುಡಿಯೋ ಮುಚ್ಚಿತ್ತು. ವೆಬ್ ಸರ್ವರ್ ಐಐಎಸ್ ನಿಂತಿತ್ತು, ಬ್ಯಾಚ್ ಸರ್ವಿಸ್ ಕೂಡ ನಿಂತಿತ್ತು. ಸ್ಟೆಪ್ ಮತ್ತೆ ಓಡಿಸಿದೆ. ಈ ಸಲ ಇನ್ನೊಂದು ಫೈಲ್‌ನಲ್ಲಿ ಅದೇ ದೂರು. ಮಷೀನ್ ರೀಸ್ಟಾರ್ಟ್ ಮಾಡೋಣ ಅಂದರೆ, ಅರ್ಧ ಹಳೆ ಫೈಲ್ ಅರ್ಧ ಹೊಸ ಫೈಲ್ ಇರುವ ಸ್ಥಿತಿಯಲ್ಲಿ ಸರ್ವಿಸ್‌ಗಳು ತಾವಾಗಿ ಎದ್ದರೆ ಏನಾಗುತ್ತದೋ ಅನ್ನೋ ಭಯ. ಮಧ್ಯಾಹ್ನವೆಲ್ಲ ಲಾಗ್ ಓದುವುದರಲ್ಲೇ ಹೋಯಿತು.

ಕೊನೆಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಯೂಸರ್ಸ್ ಟ್ಯಾಬ್ ತೆರೆದಾಗ ಗೊತ್ತಾಯಿತು. ಆ ವಿಎಂ ನಾವಿಬ್ಬರು ಹಂಚಿಕೊಂಡಿದ್ದೆವು. ನನ್ನ ಸಹೋದ್ಯೋಗಿ ಹಿಂದಿನ ದಿನ ರಿಮೋಟ್ ಡೆಸ್ಕ್‌ಟಾಪ್ ಕಿಟಕಿ ಮುಚ್ಚಿದ್ದರು, ಸೈನ್ ಔಟ್ ಆಗಿರಲಿಲ್ಲ. ಹಾಗೆ ಮುಚ್ಚಿದರೆ ಸೆಷನ್ ಸಾಯುವುದಿಲ್ಲ, ಡಿಸ್‌ಕನೆಕ್ಟೆಡ್ ಅಂತ ಹಿಂದೆ ಬದುಕಿಯೇ ಇರುತ್ತದೆ. ಅದರೊಳಗೆ ಅವರ ವಿಷುಯಲ್ ಸ್ಟುಡಿಯೋ, ಜೊತೆಗೆ ಎಕ್ಸ್‌ಪಿಪಿಸಿ ಏಜೆಂಟ್ ಅನ್ನೋ ಕಂಪೈಲರ್ ಪ್ರೋಸೆಸ್, ಎರಡೂ ಡಿಎಲ್‌ಎಲ್‌ಗಳನ್ನು ಹಿಡಿದುಕೊಂಡು ಕೂತಿದ್ದವು. ನನ್ನ ಸೆಷನ್‌ನಲ್ಲಿ ಅವುಗಳ ಕಿಟಕಿ ಕಾಣುವುದಿಲ್ಲ, ಹಾಗಾಗಿ ಎಲ್ಲ ಮುಚ್ಚಿದ್ದೇನೆ ಅಂತಲೇ ನಂಬಿದ್ದೆ. ಆ ಸೆಷನ್ ಲಾಗಾಫ್ ಮಾಡಿದ ತಕ್ಷಣ ಸ್ಟೆಪ್ ಮುಂದಕ್ಕೆ ಹೋಯಿತು.

ಹೋಯಿತು ನಿಜ, ಆದರೆ ಕೋಡ್‌ಗೆ ತಕ್ಕಂತೆ ಟೇಬಲ್‌ಗಳನ್ನು ಹೊಂದಿಸುವ ಡೇಟಾಬೇಸ್ ಸಿಂಕ್‌ನಲ್ಲಿ ಮತ್ತೆ ಬಿತ್ತು. ಕಾರಣ, ಹೊರಗಿನವರಿಂದ ಕೊಂಡ ಒಂದು ಎಕ್ಸ್‌ಟೆನ್ಷನ್. ಅದರ ಸೋರ್ಸ್ ನಮ್ಮಲ್ಲಿಲ್ಲ, ಬರೀ ಬೈನರಿ, ಹಾಗಾಗಿ ನಾವೇ ತಿದ್ದುವಂತಿಲ್ಲ. ಅವರಿಂದ ಹೊಸ ಪ್ಯಾಕೇಜ್ ಬರುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕಾಯುತ್ತಿದ್ದ ಅಷ್ಟು ಹೊತ್ತೂ ನನ್ನ ಕೈಯಲ್ಲಿದ್ದದ್ದು ಹಳೆ ಕೋಡೂ ಓಡದ, ಹೊಸದೂ ಓಡದ ಮಷೀನ್. ಪ್ರೊಡಕ್ಷನ್ ಬಗ್ ಒಂದು ಬಂದಿದ್ದರೆ ತೆರೆದು ನೋಡಲೂ ಜಾಗವಿರಲಿಲ್ಲ. ರನ್‌ಬುಕ್ ಬಿಡಲು ನನಗೆ ಇಷ್ಟೇ ಸಾಕಾಯಿತು.

ಮೂರನೆಯದು ಹೊಸ ವಿಎಂ. ಸಂಜೆ ಎಲ್‌ಸಿಎಸ್‌ನಲ್ಲಿ 10.0.40 ಆರಿಸಿ ಡಿಪ್ಲಾಯ್ ಒತ್ತಿದೆ, ಬೆಳಿಗ್ಗೆ ಸಿದ್ಧವಾಗಿತ್ತು. ಗಿಟ್ ರೆಪೊ ಕ್ಲೋನ್ ಮಾಡಿ, ನಮ್ಮ ಮಾಡೆಲ್ (ನಮ್ಮ ಕೋಡ್‌ನ ಗುಂಪು) ಫೋಲ್ಡರ್‌ಗಳನ್ನು ಪ್ಯಾಕೇಜಸ್ ಡೈರೆಕ್ಟರಿಗೆ ಜಂಕ್ಷನ್ (ಫೋಲ್ಡರ್ ಲಿಂಕ್) ಹಾಕಿ, ಮೊದಲು ಆ ಎಕ್ಸ್‌ಟೆನ್ಷನ್‌ನ ಹೊಸ ಪ್ಯಾಕೇಜ್, ಆಮೇಲೆ ನಮ್ಮ ಮಾಡೆಲ್ ಬಿಲ್ಡ್, ಕೊನೆಗೆ ಸಿಂಕ್. ಈ ಕ್ರಮ ತಪ್ಪಿಸಬೇಡಿ. ಎಕ್ಸ್‌ಟೆನ್ಷನ್ ಇಲ್ಲದೆ ಬಿಲ್ಡ್ ಕೊಟ್ಟರೆ ರೆಫರೆನ್ಸ್ ಸಿಗದೆ ನೂರಾರು ಎರರ್ ಸುರಿಯುತ್ತವೆ, ನಿಜವಾದ ಎರರ್ ಯಾವುದು ಅಂತಲೇ ತಿಳಿಯುವುದಿಲ್ಲ.

ಇದರಲ್ಲಿ ಬೇಸರದ ಕೆಲಸ ಡೇಟಾ. ಸ್ಯಾಂಡ್‌ಬಾಕ್ಸ್‌ನ (ಪರೀಕ್ಷೆಯ ಎನ್ವಿರಾನ್‌ಮೆಂಟ್) ಡೇಟಾಬೇಸ್ ಬಾಕ್‌ಪ್ಯಾಕ್ ಫೈಲ್ ಆಗಿ ಎಕ್ಸ್‌ಪೋರ್ಟ್ ಆಗಬೇಕು, ಅದನ್ನು ಎಸ್‌ಕ್ಯುಎಲ್‌ಪ್ಯಾಕೇಜ್ ಅನ್ನೋ ಟೂಲ್‌ನಿಂದ ವಿಎಂಗೆ ಇಂಪೋರ್ಟ್ ಮಾಡಬೇಕು. ಡೇಟಾ ದೊಡ್ಡದಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಎನ್‌ಕ್ರಿಪ್ಟ್ ಆಗಿದ್ದ ಪಾಸ್‌ವರ್ಡ್‌ಗಳು ಬರುವುದಿಲ್ಲ, ಮತ್ತೆ ತುಂಬಬೇಕು. ಅಡ್ಮಿನ್ ಯೂಸರ್ ಪ್ರಾವಿಷನಿಂಗ್ ಟೂಲ್ ಓಡಿಸದೆ ನಮಗೇ ಒಳಗೆ ಪ್ರವೇಶವಿಲ್ಲ. ಹೊಸ ವಿಎಂಗೆ ಯುಆರ್‌ಎಲ್ ಕೂಡ ಹೊಸದು, ಹಾಗಾಗಿ ಇಂಟಿಗ್ರೇಷನ್ ಟೆಸ್ಟ್‌ಗಳಲ್ಲಿ ಹಳೆ ವಿಳಾಸ ಇರುವ ಕಡೆಯೆಲ್ಲ ತಿದ್ದಬೇಕು. ಆದರೆ ಇದರಲ್ಲಿ ಯಾವುದೂ ಕೆಲಸವನ್ನು ನಿಲ್ಲಿಸುವುದಿಲ್ಲ, ಏಕೆಂದರೆ ಪಕ್ಕದಲ್ಲಿ ಅಪ್‌ಡೇಟ್ ಮುಟ್ಟದ ಹಳೆ ಮಷೀನ್ ಇನ್ನೂ ಜೀವಂತವಾಗಿದೆ. ಇಂಪೋರ್ಟ್ ಅದರ ಪಾಡಿಗೆ ನಡೆಯುತ್ತಿರುವಾಗ ನಾನು ಹಳೆಯದರಲ್ಲಿ ಎರಡು ಬಗ್ ಸರಿಮಾಡಿ ಕಳಿಸಿದೆ.

ಯೂನಿಫೈಡ್ ಡೆವಲಪರ್ ಎನ್ವಿರಾನ್‌ಮೆಂಟ್ ಅನ್ನೋ ನಾಲ್ಕನೇ ದಾರಿಯೂ ಇದೆ. ವಿಷುಯಲ್ ಸ್ಟುಡಿಯೋ ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ, ಓಡುವುದು ಕ್ಲೌಡ್‌ನಲ್ಲಿ. ನಮ್ಮ ತಂಡ ಇನ್ನೂ ಅಲ್ಲಿಗೆ ಹೋಗಿಲ್ಲ, ಹಾಗಾಗಿ ಹೋಲಿಸುವುದಿಲ್ಲ.

2024ಕ್ಕೆ ಮೊದಲು ವರ್ಷಕ್ಕೆ 7 ಸರ್ವಿಸ್ ಅಪ್‌ಡೇಟ್ ಬರುತ್ತಿದ್ದವು, ಈಗ 4. ಕನಿಷ್ಠ 2 ತೆಗೆದುಕೊಳ್ಳಲೇಬೇಕು. ನಾವು ಆ 2ಕ್ಕೇ ನಿಂತಿರುವುದರಿಂದ ವರ್ಷಕ್ಕೆ ಎರಡು ಸಲ ಹೊಸ ವಿಎಂ ಎಬ್ಬಿಸುವುದು ನನಗೆ ಹೊರೆಯಲ್ಲ. ದಿನದ ಕೊನೆಗೆ ಎಲ್ಲ ಕೋಡ್ ಪುಶ್ ಮಾಡುವ ಅಭ್ಯಾಸವಿದೆ, ವಿಎಂನಲ್ಲಿ ನನ್ನದು ಅಂತ ಏನೂ ಇಡುವುದಿಲ್ಲ. ಅದೇ ನೀವು ತಿಂಗಳುಗಟ್ಟಲೆ ಕೂಡಿಟ್ಟ ಟೆಸ್ಟ್ ಡೇಟಾ ಆ ಮಷೀನ್‌ನಲ್ಲೇ ಇದ್ದರೆ, ರನ್‌ಬುಕ್ಕೇ ನಿಮಗೆ ಸರಿ. ಆಗ ಮೂರು ಕೆಲಸ ಮರೆಯಬೇಡಿ: ಝಿಪ್ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಟಿಕ್ ಹಾಕಿಯೇ ಬಿಚ್ಚಿ, ಡೌನ್‌ಲೋಡ್ಸ್ ಅಥವಾ ಡೆಸ್ಕ್‌ಟಾಪ್ ಒಳಗೆ ಬಿಚ್ಚಬೇಡಿ, ಯೂಸರ್ಸ್ ಟ್ಯಾಬ್ ನೋಡಿ ಬೇರೆಯವರ ಸೆಷನ್ ಇಲ್ಲ ಅಂತ ಖಚಿತಪಡಿಸಿಕೊಳ್ಳಿ.

ಖರ್ಚಿನ ಮಾತು. ಎರಡೂ ವಿಎಂ ಒಟ್ಟಿಗೆ ಓಡುವ ದಿನಗಳಲ್ಲಿ ಬಿಲ್ ಎರಡರಷ್ಟಾಗುತ್ತದೆ. ಹಳೆಯದನ್ನು ಸ್ಟಾಪ್ ಮಾಡಿದರೆ ಕಂಪ್ಯೂಟ್ ಬಿಲ್ ನಿಲ್ಲುತ್ತದೆ, ಆದರೆ ಡಿಸ್ಕ್ ಬಿಲ್ ನಿಲ್ಲುವುದಿಲ್ಲ. ಅಳಿಸುವವರೆಗೆ ಅದು ಬರುತ್ತಲೇ ಇರುತ್ತದೆ. ಆದರೂ ನಾನು ಹಳೆಯದನ್ನು ಮೂರು ದಿನ ಇಟ್ಟುಕೊಂಡೆ. ಎರಡನೇ ದಿನ ಸಹೋದ್ಯೋಗಿ ಬಂದು, ಕಮಿಟ್ ಆಗದ ಒಂದು ರಿಪೋರ್ಟ್ ಕ್ಲಾಸ್ ಅದರಲ್ಲೇ ಉಳಿದಿದೆ ಅಂದರು. ಮಷೀನ್ ಎಬ್ಬಿಸಿ, ಅದನ್ನು ಪುಶ್ ಮಾಡಿಸಿ, ಮತ್ತೆ ಮಲಗಿಸಿದೆ. ಮೂರನೇ ದಿನ ಸಂಜೆ ಇಬ್ಬರೂ ಜೊತೆಗೆ ಕೂತು ಇನ್ನೊಮ್ಮೆ ನೋಡಿ ಅಳಿಸಿದೆವು.